ಹೊಗೆ ಬಿಟ್ಟುಹೋದ ಗಡಿಗೆ, ಉಳಿದ ಬಂಗಾರದ ಮೀನು

ಐವತ್ತೆರಡನೆಯ ವಯಸ್ಸಿನಲ್ಲಿ ಸುಭದ್ರಾಗೆ ಮಣ್ಣಿನ ಹುಚ್ಚು ಹಿಡಿಯಿತು. ಧಾರವಾಡದಿಂದ ಬಂದು ಇಪ್ಪತ್ತೇಳು ವರ್ಷ ಬಂಗಾಳದ ಖಿದಿರ್‌ಪುರದ ಬಂದರು ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳು, ಮಗಳ ಮದುವೆ ಮುಗಿದದ್ದೇ ತಡ, ವಾರಕ್ಕೆರಡು ದಿನ ಬಸ್ಸು ಹತ್ತಿ ಜಾದವ್‌ಪುರದ ಕುಂಬಾರಿಕೆ ತರಗತಿಗೆ ಹೋಗತೊಡಗಿದಳು. ಹಿತ್ತಲಿನಲ್ಲಿ ಗುಂಡಿ ತೋಡಿ, ಸಗಣಿಯ ಕುಳ್ಳು, ಮರದ ಹೊಟ್ಟು, ತೆಂಗಿನ ಸಿಪ್ಪೆ ತುಂಬಿ, ನುಣ್ಣಗೆ ಉಜ್ಜಿದ ಗಡಿಗೆಗಳನ್ನು ಅದರೊಳಗೆ ಸುಡುತ್ತಿದ್ದಳು. ಬೂದಿ ಸರಿಸಿ ತೆಗೆದರೆ ಹೊಗೆ ತನಗೆ ತೋಚಿದಂತೆ ಮೋಡಗಳನ್ನು ಬರೆದಿರುತ್ತಿತ್ತು. ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಗಂಡ ಕಲ್ಲಪ್ಪ ಮರದ ಮಿಲ್ಲಿನಿಂದ ಹೊಟ್ಟು ಹೊತ್ತು ತಂದುಕೊಡುತ್ತಿದ್ದ. ಅದಕ್ಕಿಂತ ಹೆಚ್ಚು ಆ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ.

ಎರಡು ಸಾವಿರದ ಐದರ ಚಳಿಗಾಲದಲ್ಲಿ ತರಗತಿಯವರ ಪ್ರದರ್ಶನ ನಿಗದಿಯಾಯಿತು. ಕಲಿಸುವ ಮೇಷ್ಟ್ರು ಸುಭದ್ರಾಳ ಕೈಗೆ ಹೆಬ್ಬೆರಳಿನಷ್ಟೇ ಇದ್ದ ಸೀಸೆಯೊಂದನ್ನು ಕೊಟ್ಟರು. ಒಳಗೆ ಕಂದು ದ್ರವ. ಲಸ್ಟರ್ ಎಂದು ಹೆಸರು, ಬಳಿದು ಕರೆಂಟಿನ ಭಟ್ಟಿಯಲ್ಲಿ ಸುಟ್ಟರೆ ಬಂಗಾರವಾಗಿ ಹೊಳೆಯುತ್ತದೆ ಎಂದರು. ಸುಭದ್ರಾ ತನ್ನ ಅತಿ ಮುದ್ದಿನ ಕಪ್ಪು ಗಡಿಗೆಯ ಮೇಲೆ ಉಸಿರು ಬಿಗಿಹಿಡಿದು ಒಂದು ಮೀನು ಬರೆದಳು. ಅವಸರದಲ್ಲಿ ಅದನ್ನು ಯಾರಿಗೂ ತೋರಿಸದೆ ತರಗತಿಯ ಭಟ್ಟಿಗೆ ಇಟ್ಟುಬಿಟ್ಟಳು.

ಮರುದಿನ ಭಟ್ಟಿಯ ಬಾಗಿಲು ತೆರೆದವಳು ಗಡಿಗೆಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಮೀನು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಆದರೆ ಗಡಿಗೆಯ ಮೇಲಿನ ಕಪ್ಪೆಲ್ಲ ಮಾಯವಾಗಿ, ಅದು ಹೊಸ ಇಟ್ಟಿಗೆಯಂತೆ ಕೆಂಪಗೆ ನಿಂತಿತ್ತು. ಜೊತೆಗೆ ಕಲಿಯುತ್ತಿದ್ದ ಮೈಸೂರಿನ ಹುಡುಗಿ ವಿಶಾಲಾಕ್ಷಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಗಡಿಗೆಗೆ ಹತ್ತಿದ್ದ ಹೊಗೆಯೆಂದರೆ ಇಂಗಾಲವೇ, ಭಟ್ಟಿಯ ಕಾವಿಗೆ ಅದು ಉರಿದು ಗಾಳಿಗೆ ಸೇರಿಹೋಗಿದೆ ಎಂದು ಅವಳು ಮೆಲ್ಲಗೆ ತಿಳಿಸಿದಳು. ಪ್ರದರ್ಶನಕ್ಕೆ ಉಳಿದದ್ದು ಒಂದೇ ದಿನ.

ಮನೆಗೆ ಬಂದ ಮೇಲೆ ಕಲ್ಲಪ್ಪ ಗಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೋಗಿದ್ದು ಹೊಗೀನ ಹೌದಿಲ್ಲೋ? ಮತ್ತೊಮ್ಮಿ ಹೊಗಿ ಹಾಕಿದ್ರಾತು."

"ಬಂಗಾರ ಕೆಟ್ರ ಏನ್ ಮಾಡ್ಲಿರಿ?"

ಸುಭದ್ರಾ ವಿಶಾಲಾಕ್ಷಿಗೆ ಫೋನು ಮಾಡಿದಳು. ಕಾವು ಕಡಿಮೆ ಇಟ್ಟು ಬರೀ ಹೊಗೆ ಕೊಟ್ಟರೆ ಮಣ್ಣು ಅದನ್ನು ಹೀರಿಕೊಳ್ಳುತ್ತದೆ, ಬಂಗಾರ ಹೀರುವುದಿಲ್ಲ, ಆದರೆ ತಾನು ಭರವಸೆ ಕೊಡಲಾರೆ ಎಂದಳು ಅವಳು. ಹಾಗೆಂದವಳೇ ನೋಡುವ ಆಸೆ ತಡೆಯಲಾರದೆ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದುಬಿಟ್ಟಳು.

ಹಳೆಯ ಎಣ್ಣೆ ಡಬ್ಬಿಯಲ್ಲಿ ಹೊಟ್ಟು ಹರಡಿ ಗಡಿಗೆ ಇಟ್ಟರು. ಕಾಗದಕ್ಕೆ ಬರವಿರಲಿಲ್ಲ. ಆ ವರ್ಷ ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಜಾಹೀರಾತು ತುಂಬಿ ಪತ್ರಿಕೆಯ ಪುರವಣಿಗಳು ಹಾಸಿಗೆಯಷ್ಟು ದಪ್ಪ ಬರುತ್ತಿದ್ದವು. ಪ್ರೋಗ್ರಾಮರ್ ಬೇಕು, ಮ್ಯಾನೇಜರ್ ಬೇಕು ಎಂಬುದನ್ನೆಲ್ಲ ಹರಿದು ತುರುಕಿ, ಬೆಂಕಿ ತಾಗಿಸಿ, ಉರಿ ಏಳದಂತೆ ಮುಚ್ಚಳ ಹಾಕಿದರು. ಹೊಗೆ ಸುರುಳಿ ಸುರುಳಿಯಾಗಿ ಮೇಲಿನ ಮನೆಯ ಕಿಟಕಿಗೇ ಹೋಯಿತು. ಸುಭದ್ರಾ ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಅಲ್ಲಿನ ಹೆಂಗಸು ತಲೆ ಹೊರಹಾಕಿ, ಏನು ಅಡುಗೆ ಎಂದು ಬಂಗಾಳಿಯಲ್ಲಿ ಕೇಳಿದಳು.

ಸುಭದ್ರಾ ಯೋಚನೆಯನ್ನೇ ಮಾಡದೆ, "ಮಾಛ್" ಅಂದುಬಿಟ್ಟಳು.

ಇಪ್ಪತ್ತೇಳು ವರ್ಷ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ಮನೆಯಲ್ಲಿ ಮೀನು! ಬೌದಿ ಸೆರಗು ಸಿಕ್ಕಿಸಿಕೊಂಡು ಧಡಧಡ ಇಳಿದು ಬಂದಳು. ಅವಳ ಹಿಂದೆ ಅವಳ ಅತ್ತೆ, ಅತ್ತೆಯ ಹಿಂದೆ ಪಕ್ಕದ ಮನೆಯವರು. ವಿಶಾಲಾಕ್ಷಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು.

ಎಲ್ಲರ ಮುಂದೆ ಮುಚ್ಚಳ ತೆಗೆದಾಗ ಗಡಿಗೆ ಪೂರ್ತಿ ಮಸಿಯಾಗಿತ್ತು. ಮೀನೇ ಇರಲಿಲ್ಲ. ನಗು ನಿಂತಿತು. ಕಲ್ಲಪ್ಪ ತನ್ನ ಹಳೆಯ ಬನಿಯನ್ನಿಗೆ ಎರಡು ಹನಿ ಎಣ್ಣೆ ಹಾಕಿ ಕೊಟ್ಟ. ಸುಭದ್ರಾ ಒಮ್ಮೆ ಒರೆಸಿದಳು. ಕಣ್ಣು ಮಿನುಗಿತು. ಮತ್ತೊಮ್ಮೆ ಒರೆಸಿದಳು, ಬೆನ್ನು ಬಂತು. ಮೂರನೆಯ ಸಲಕ್ಕೆ ಇಡೀ ಮೀನು ಬಾಲ ಸಮೇತ ಕಪ್ಪು ಮೋಡಗಳ ನಡುವೆ ಹೊಳೆಯಿತು. ಮಸಿ ಮಣ್ಣಿಗಷ್ಟೇ ಅಂಟಿತ್ತು.

ಸುಭದ್ರಾ ನಗತೊಡಗಿದಳು. ನಗುತ್ತ ಬೌದಿಯನ್ನು ತಬ್ಬಿಕೊಂಡಳು, ಅತ್ತೆಯ ಬಿಳಿ ಸೀರೆಗೆ ಮಸಿ ಮೆತ್ತಿದಳು. ಕ್ಷಮೆ ಕೇಳಲು ಹೋಗಿ ಇನ್ನಷ್ಟು ನಕ್ಕಳು. ಅತ್ತೆಯೂ ಬೊಚ್ಚುಬಾಯಿ ತೆರೆದು ನಕ್ಕಳು.

ಪ್ರದರ್ಶನದ ಮೂರೂ ದಿನ ಕಲ್ಲಪ್ಪ ರಜೆ ಹಾಕಿ ಆ ಗಡಿಗೆಯ ಪಕ್ಕದಲ್ಲೇ ನಿಂತ. ಸುಭದ್ರಾ ಬಾಯಿ ತೆರೆಯುವ ಮೊದಲೇ, ನಾವು ಹೇಗೆ ಹೊಗೆ ಹಾಕಿದೆವೆಂದು ಬಂದವರಿಗೆಲ್ಲ ತನ್ನ ಹರಕು ಬಂಗಾಳಿಯಲ್ಲಿ ವಿವರಿಸುತ್ತಿದ್ದ. ಅವಳು ಹಿಂದಿನ ಕುರ್ಚಿಯಲ್ಲಿ ಕೂತು ಆ "ನಾವು" ಎಂಬುದನ್ನು ಪ್ರತಿ ಸಲವೂ ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.