ಮೇಲಿನ ಸಾಲಿನ ಕಿಂಡಿ

ಮಧ್ಯಾಹ್ನ ಮೂರು ಗಂಟೆಗೆ ಸಾವಿತ್ರೆವ್ವನ ಮುಖ ಸತ್ತವರ ಸಾಲಿನಲ್ಲಿ ಅಚ್ಚಾಯಿತು. ಅವಳಿಗೆ ಅದು ತಿಳಿದದ್ದು ಐದಕ್ಕೆ, ಫೋಟೋ ನೋಡುವ ಆಸೆ ತಾಳಲಾರದೆ ಇಳಕಲ್ ಪೇಟೆಯ ಸ್ಟುಡಿಯೋಕ್ಕೆ ಒಬ್ಬಳೇ ಬಂದಾಗ.

ಅದು ೧೯೭೮ರ ಮಾತು. ಮನೆತನದವರ ಮುಖಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಕೂರಿಸಿ ಪಡಸಾಲೆಯಲ್ಲಿ ತೂಗುಹಾಕುವುದು ಆಗ ಅನುಕೂಲಸ್ಥರ ರೂಢಿ. ತೀರಿಹೋದವರು ಮೇಲೆ, ಬದುಕಿದ್ದವರು ಕೆಳಗೆ, ಗಂಡನ ಎಡಕ್ಕೆ ಹೆಂಡತಿ. ಸ್ಟುಡಿಯೋದ ಜಲಾಲುದ್ದೀನ ಇದಕ್ಕೆಂದೇ ಒಂದು ಕರಿ ರಟ್ಟಿನಲ್ಲಿ ಕಿಂಡಿ ಕೊರೆದಿಟ್ಟಿದ್ದ. ಕತ್ತಲೆ ಕೋಣೆಯಲ್ಲಿ ಹಾಳೆಯ ಮೇಲೆ ರಟ್ಟು ಹಾಸಿ, ಒಂದು ಕಿಂಡಿ ತೆರೆದು ಒಂದು ಮುಖದ ನೆಗೆಟಿವ್ ಮೂಲಕ ಬೆಳಕು ಬಿಡುವುದು, ಅದನ್ನು ಮುಚ್ಚಿ ಮುಂದಿನದನ್ನು ತೆರೆಯುವುದು. ಯಾವ ಮುಖಕ್ಕೆ ಯಾವ ಕಿಂಡಿ ಎಂಬುದನ್ನು ಮನೆಯ ಹಿರಿಯರು ಹೇಳಬೇಕು.

ಸಾವಿತ್ರೆವ್ವನಿಗೆ ಮಕ್ಕಳಾಗಿರಲಿಲ್ಲ. ಗಂಡ ಅಂದಪ್ಪನಿಗೆ ಇನ್ನೊಂದು ಮದುವೆ ಮಾಡುವ ಮಾತು ಮನೆಯಲ್ಲಿ ಬಹಳ ದಿನದಿಂದ ನಡೆದಿತ್ತು. ಅಂಥದ್ದರಲ್ಲಿ ಅತ್ತೆ ಗುರುಲಿಂಗವ್ವ ತಾನಾಗಿ ಸೊಸೆಯನ್ನು ಕರೆದೊಯ್ದು ಫೋಟೋ ತೆಗೆಸಿದ್ದಳು. ಗೋಡೆಯ ಮೇಲೆ ಕೂತವಳನ್ನು ಮನೆಯಿಂದ ಯಾರು ಕಳಿಸುತ್ತಾರೆ ಎಂದು ಸಾವಿತ್ರೆವ್ವನ ಜೀವ ತಣ್ಣಗಾಗಿತ್ತು.

ಹಾಳೆ ಹಗ್ಗದ ಮೇಲೆ ಆರುತ್ತಿತ್ತು. ಸತ್ತ ಮಾವನ ಪಕ್ಕದಲ್ಲಿ ಅವಳಿದ್ದಳು. ಅಂದಪ್ಪನ ಎಡಕ್ಕೆ ಬಿಳಿ ಜಾಗ.

"ತಪ್ಪಿ ಹಾಕೀರಿ ಜಲಾಲಣ್ಣ. ನಾ ಕೆಳಗ ಬರಬೇಕಲ್ಲ?"

"ತಪ್ಪಿಲ್ರಿ ಅಕ್ಕಾರ. ನಿಮ್ಮ ಅತ್ತಿಯವರು ಬಟ್ಟು ಮಾಡಿ ತೋರಿಸ್ಯಾರ."

"ಅಲ್ಲಿ ಖಾಲಿ ಐತಲ್ಲ."

ಜಲಾಲುದ್ದೀನ ಕೈ ಒರೆಸಿಕೊಂಡ. "ಅದು ಬಾದಾಮಿ ಹುಡುಗೀದು. ಲಗ್ನ ಆದಮ್ಯಾಲೆ ಅಕಿ ಫೋಟೋ ಅಂಟಸ್ತೇನಿ. ಮೊದಲಿನಾಕಿ ಇದ್ದರ ಹೆಣ್ಣು ಕೊಡಂಗಿಲ್ಲ ಅಂದಾರಂತ. ಅದಕ್ಕ ನೀವು ತೀರಿಕೊಂಡೀರಿ ಅಂತ ಹೇಳ್ಯಾರ."

"ಇನ್ನೊಂದು ಹಾಳಿ ಮಾಡ್ರಿ. ನನ್ನ ಅಲ್ಲಿ ಕೂಡಸ್ರಿ."

"ಅಂದಪ್ಪನವರು ಹೇಳಬೇಕ್ರಿ."

ಫೋಟೋಕ್ಕೆ ಹಾಕಿಸುವ ಕಟ್ಟಿನ ಅಳತೆ ಕೊಡಲು ಅಂದಪ್ಪ ಅಷ್ಟರಲ್ಲೇ ಬಂದ. ಸಾವಿತ್ರೆವ್ವ ಬಾಗಿಲಲ್ಲೇ ಅವನನ್ನು ತಡೆದಳು.

"ಇವರಿಗೆ ಒಂದ ಮಾತು ಹೇಳ್ರಿ, ನಾ ಸತ್ತಿಲ್ಲಂತ."

ಅವನು ಹಾಳೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಮ್ಯಾಲೆ ಛಲೋ ಕಾಣ್ತಿ ಬಿಡು. ಅಪ್ಪನ ಬಾಜೂಕ ಕುಂತೀದಿ, ಇನ್ನೇನು ಮರ್ಯಾದಿ ಬೇಕು ನಿನಗ?" ಎಂದು ಹೇಳಿ ಜಲಾಲುದ್ದೀನನ ಕಡೆ ತಿರುಗಿದ. "ಗಾಜು ಹಾಕಿ ಕೊಡ್ರಿ. ಸೋಮವಾರ ಮಂದಿ ಬರ್ತಾರ."

ಸೋಮವಾರ ಮುಂಜಾನೆ ಪಡಸಾಲೆಯ ಫೋಟೋದಲ್ಲಿ ತೀರಿಹೋದವರ ಮುಖಗಳಿಗೆ ಗಾಜಿನ ಮೇಲೆ ವಿಭೂತಿ ಹಚ್ಚಲು ಗುರುಲಿಂಗವ್ವ ಸೊಸೆಯನ್ನೇ ಸ್ಟೂಲು ಹತ್ತಿಸಿದಳು. ಸಾವಿತ್ರೆವ್ವ ಮಾವನಿಗೆ ಹಚ್ಚಿದಳು, ಮಾವನ ಅಣ್ಣನಿಗೆ ಹಚ್ಚಿದಳು, ಇಳಿಯಲು ಕಾಲು ಕೆಳಗಿಟ್ಟಳು.

"ನಿಂದು ಉಳೀತು," ಎಂದಳು ಅತ್ತೆ. "ಒಬ್ಬಾಕಿನ್ನ ಬಿಟ್ಟರ ನೋಡಿದವರು ಕೇಳ್ತಾರ. ಹಚ್ಚು, ಬಸ್ಸಿಗೆ ಹೊತ್ತಾಕ್ಕೈತಿ."

ಹಚ್ಚಿ ಇಳಿದಳು. ಒಂಬತ್ತರ ಬಸ್ಸಿಗೆ ಅವಳನ್ನು ಹುನಗುಂದದ ತವರಿಗೆ ಹತ್ತಿಸಿದರು.

ಬಾದಾಮಿಯವರು ಮಧ್ಯಾಹ್ನ ಬಂದು ಫೋಟೋಕ್ಕೆ ಕೈಮುಗಿದು ಊಟಕ್ಕೆ ಕೂತರು. ಮದುವೆ ಮುಂದಿನ ತಿಂಗಳು ಮಹಾಕೂಟದಲ್ಲಾಯಿತು.