ಮೈ ತೊಳೆದವರ ಬಾಯಿ

ಪಿರಿಯಾಪಟ್ಟಣದ ಇಮಾಮ್ ಸಾಬ್ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡುವವರು. ಹೆಂಡತಿ ಫಹ್ಮೀದಾ ತೀರಿಕೊಂಡು ವಾರ ಕಳೆದಿತ್ತು. ಕೊಳವೆ ಬೇಕೆಂದು ಬಂದ ಕಂಪಲಾಪುರದ ರುದ್ರಸ್ವಾಮಿ ಸಮಾಧಾನದ ಮಾತಾಡಿ, ಆಮೇಲೆ ದನಿ ತಗ್ಗಿಸಿದರು.

"ಬೇಜಾರ್ ಮಾಡ್ಕಬ್ಯಾಡಿ ಸಾಬ್ರೆ. ನಿಮ್ಮ ಮನೆಯೋರಿಗೆ ಏನೋ ಕೆಟ್ಟ ಕಾಯಿಲೆ ಇತ್ತಂತೆ, ನಮ್ಮೂರಲ್ಲೂ ಅಂತಾವ್ರೆ. ನೀವೂ ಒಂದ್ಸಲ ತೋರಿಸ್ಕಳಿ."

ಇಮಾಮ್ ಸಾಬರ ಸುತ್ತಿಗೆ ನಿಂತಿತು. ಫಹ್ಮೀದಾರ ಮೈ ಕಂಡವರು ತಾವು, ಮೈಸೂರಿನ ಡಾಕ್ಟರಮ್ಮ. ಅವರನ್ನು ಬಿಟ್ಟರೆ, ಕೊನೆಯ ಸ್ನಾನ ಮಾಡಿಸಿದ ಹಾಜಿರಾ.

ಅದು ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ. ಮೊಣಕೈ, ಮೊಣಕಾಲು, ತಲೆಯಲ್ಲಿ ಕಾಣುವುದೇ ಹೆಚ್ಚು. ಇವರಿಗೆ ತೊಡೆಸಂದಿನಲ್ಲಿ ಕೆಂಪಗೆ ಉರಿಯುತ್ತಿತ್ತು. ಅಂಟುವ ರೋಗವಲ್ಲ, ಯಾರ ನಡತೆಯಿಂದಲೂ ಬಂದದ್ದಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಜಾಗ ಅಂಥದ್ದು, ಹಾಗಾಗಿ ಫಹ್ಮೀದಾ ಹೆತ್ತ ಮಗಳಿಗೂ ಹೇಳಿರಲಿಲ್ಲ. ನಮಾಜಿನಲ್ಲಿ ಬಾಗುವಾಗ ತುಟಿ ಕಚ್ಚುತ್ತಿದ್ದರು. ಕೇಳಿದವರಿಗೆ ಮಂಡಿ ನೋವು ಎನ್ನುತ್ತಿದ್ದರು.

ಮಯ್ಯತ್‌ನ ಮೈ ತೊಳೆಯುವವರು ಕಂಡದ್ದನ್ನು ಕಫನ್ ಬಟ್ಟೆಯೊಳಗೇ ಮುಚ್ಚಿ ಕಳಿಸಬೇಕು. ಅದು ದೀನಿನ, ಧರ್ಮದ ಕಟ್ಟಳೆ. ತೀರಿಹೋದ ಹೆಂಗಸರ ಮೈ ತೊಳೆಯುತ್ತಲೇ ತಲೆ ನರೆಸಿಕೊಂಡ ಹಾಜಿರಾ ಈ ಕಟ್ಟಳೆಯನ್ನು ಹುಡುಗಿಯರಿಗೆ ಕಲಿಸುವವರು. ಅವರೇ ನೀರು ಆರುವ ಮೊದಲು ಬಾಯಿ ಬಿಟ್ಟಿದ್ದರು.

ಮಗ ಜೀಶಾನ್‌ಗೂ ಮಾತು ತಲುಪಿತ್ತು. "ಡಾಕ್ಟ್ರು ಏನಂದಿದ್ರು ಊರೋರಿಗೆ ಹೇಳ್ಬುಡಿ ಅಬ್ಬಾ. ಎಲ್ಲರ ಬಾಯಿ ಮುಚ್ಚುತ್ತೆ."

"ಎಲ್ಲಿತ್ತು ಅಂತಾನೂ ಕೇಳ್ತಾರೆ. ನಿನ್ನ ಅಮ್ಮಿ ಮೈಯನ್ನ ನಾನೂ ಬಿಚ್ಚಿ ತೋರಿಸ್ಲಾ?"

ಜೀಶಾನ್ ಸುತ್ತಿಗೆ ಎತ್ತಿಕೊಂಡು ಅರ್ಧಕ್ಕೆ ನಿಂತ ಕೊಳವೆ ಬಡಿಯತೊಡಗಿದ.

ಸಂಜೆ ಹಾಜಿರಾ ತಾವೇ ಬಂದರು. ಮುಟ್ಟಿದ ಕೈಗೆ ಅಂಟೀತೆಂದು ಹೆದರಿ, ಪಕ್ಕದ ಮನೆಯವರ ಹತ್ತಿರ ಮದ್ದು ಕೇಳಲು ಹೋಗಿ ಹೇಳಿಬಿಟ್ಟೆ ಎಂದು ಅತ್ತರು.

"ಅಂಟೋದಲ್ಲ ಅದು. ಅಷ್ಟು ಹೇಳ್ತೀನಿ." ಇಮಾಮ್ ಸಾಬ್ ಎದ್ದು ನಿಂತರು. "ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ನೀವು ಊರನ್ನ ಕೇಳಿದ್ರಿ."

"ತಪ್ಪಾಯ್ತು ಭಾಯ್. ಮಾಫಿ ಮಾಡಿ."

"ಮಾಫಿ ನನ್ನತ್ರ ಇಲ್ಲ ಆಪಾ. ಅದು ಅವಳ ಹಕ್ಕು. ಖಯಾಮತ್ ದಿನ, ಸತ್ತೋರೆಲ್ಲ ಏಳುವಾಗ, ಅವಳನ್ನೇ ಕೇಳ್ಕಳಿ. ಅಲ್ಲೀಗಂಟ ಈ ಊರಲ್ಲಿ ಯಾರ ಮಯ್ಯತ್ತೂ ಮುಟ್ಟಬ್ಯಾಡಿ."

ಹಾಜಿರಾ ಬಾಗಿಲಲ್ಲೇ ನಿಂತಿದ್ದರು. ಮಗ್ರಿಬ್ ನಮಾಜಿನ ಆಜಾನ್ ಕೇಳಿತು. ಇಮಾಮ್ ಸಾಬ್ ಟೋಪಿ ಹಾಕಿಕೊಂಡು ಅವರ ಮುಖ ನೋಡದೆ ದಾಟಿ ಮಸೀದಿಗೆ ನಡೆದರು.