ಹನ್ನೊಂದು ಬಾಟಲಿ ಮಾತ್ರೆ

ಕಮಲಿ ಬೆಳಿಗ್ಗೆಯಿಂದ ಮೂರು ಸಲ ವಾಂತಿ ಮಾಡಿದ್ದಾಳೆ, ಹೊಟ್ಟೆ ಉರಿ ಅಂತ ಹೊರಳಾಡುತ್ತಿದ್ದಾಳೆ ಎಂದು ಮಂಕಿಯಿಂದ ಫೋನು ಬಂದಾಗ ಧನ್ಯಾ ಹೊಳನಗದ್ದೆಯ ಮನೆಯಲ್ಲಿ ದೋಸೆ ತಿನ್ನುತ್ತಿದ್ದಳು. ತಟ್ಟೆ ಹಾಗೇ ಬಿಟ್ಟು ಸ್ಕೂಟಿ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ನಮ್ಮ ಮಾತ್ರೆಯಿಂದಲೇ ಹೀಗಾಗಿದ್ದರೆ?

ನಮ್ಮ ಮಾತ್ರೆ ಎಂದರೆ ಗಂಟುನೋವಿನ ಹೊಸ ಮಾತ್ರೆ. ಇನ್ನೂ ಅಂಗಡಿಗೆ ಬಂದಿಲ್ಲ, ಪರೀಕ್ಷೆಯಲ್ಲಿದೆ. ಕುಮಟಾದ ಡಾಕ್ಟರ್ ಸುಚಿತಾ ಅದರ ಉಸ್ತುವಾರಿ. ಊರೂರು ತಿರುಗಿ, ಜನಕ್ಕೆ ತಿಳಿಸಿ ಹೇಳಿ, ಸಹಿ ಹಾಕಿಸಿಕೊಂಡು ಬಾಟಲಿ ಕೊಡುವ, ತಿಂಗಳಿಗೊಮ್ಮೆ ಹೋಗಿ ಉಳಿದ ಮಾತ್ರೆ ಎಣಿಸುವ ಕೆಲಸ ಧನ್ಯಾಳದು. ತಿಳಿಸಿ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಬಿಡಿ. ಕಮಲಿಯೂ ಸೇರಿ ಮಂಕಿಯ ಒಂದೇ ಕೇರಿಯ ಹನ್ನೊಂದು ಹೆಂಗಸರನ್ನು ಹೊನ್ನಮ್ಮನ ಜಗಲಿಯಲ್ಲಿ ಕೂರಿಸಿಕೊಂಡು, ಅರ್ಧ ಜನಕ್ಕೆ ಮದ್ದಿನ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಮದ್ದೇ ಇಲ್ಲದ ಖಾಲಿ ಮಾತ್ರೆ, ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ ಎಂದು ಎಷ್ಟು ಚಂದ ಹೇಳಿದ್ದಳೆಂದರೆ, ಡಾಕ್ಟರು ಅದರ ವಿಡಿಯೊವನ್ನೇ ಬೇರೆ ಊರುಗಳಲ್ಲಿ ತೋರಿಸುತ್ತಿದ್ದರು. ಹುಡುಗಿ ಒಂದು ವಾರ ಉಬ್ಬಿಹೋಗಿದ್ದಳು.

ಕಮಲಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಪಕ್ಕದ ಮನೆಯ ಹೊನ್ನಮ್ಮ ಅವಳ ಬೆನ್ನು ನೀವುತ್ತಿದ್ದಳು. ಧನ್ಯಾ ಡಾಕ್ಟರಿಗೆ ಫೋನು ಹಚ್ಚಿ ತನ್ನ ಪಟ್ಟಿಯಿಂದ ಕಮಲಿಯ ಬಾಟಲಿ ನಂಬರು ಓದಿದಳು. ಯಾವ ಬಾಟಲಿಯಲ್ಲಿ ಏನಿದೆ ಎಂದು ಬರೆದು ಮೊಹರು ಹಾಕಿದ ಲಕೋಟೆಗಳು ಇಂಥ ಆಪತ್ತಿಗೆಂದೇ ಇರುತ್ತವೆ. ಆ ಕಡೆ ಕಾಗದ ಹರಿದ ಸದ್ದು ಕೇಳಿಸಿತು.

"ಖಾಲಿ ಮಾತ್ರೆ, ಧನ್ಯಾ. ನಮ್ಮ ಮದ್ದು ಅವರ ಹೊಟ್ಟೆಗೇ ಹೋಗಿಲ್ಲ. ಪಿತ್ತ ಇರಬೇಕು. ಗಂಜಿ ಕುಡೀಲಿ, ಸಂಜೆ ನಾನೇ ಬಂದು ನೋಡ್ತೇನೆ."

ಅಬ್ಬಾ! ಹೋದ ಜೀವ ಬಂದಂತಾಯಿತು. "ಹೆದರಬೇಡಿ ಹೊನ್ನಮ್ಮಕ್ಕ, ಇವ್ರದ್ದು ಖಾಲಿ ಮಾತ್ರೆ ಅಂತೆ," ಅಂದಳು.

"ಯಾರದ್ದೂ ಖಾಲಿ ಅಲ್ವೆ ತಂಗಿ. ನಾವು ಹಂಗೆ ಆಗೂಕೇ ಬಿಡಲಿಲ್ಲ."

ಹೊನ್ನಮ್ಮ ಎದ್ದು ಹೋಗಿ ತನ್ನ ಮನೆಯಿಂದ ದೊಡ್ಡದೊಂದು ಭರಣಿ ತಂದಳು. ಅದರ ಮುಕ್ಕಾಲು ಪಾಲು ಬಿಳಿ ಮಾತ್ರೆ ತುಂಬಿತ್ತು.

"ನೀ ಬಾಟ್ಲಿ ಕೊಟ್ಟು ಹೋದ ದಿನವೇ ಹನ್ನೊಂದನ್ನೂ ಇದಕ್ಕೆ ಸುರಿದ್ವಿ. ಅರ್ಧ ಜನಕ್ಕೆ ಖಾಲಿ ಅಂದ್ಯಲ್ಲೆ. ಒಂದೇ ಕೇರಿಲಿ ಇದ್ಕಂಡು ಒಬ್ಬಳು ಮದ್ದು ತಿಂಬೂದು, ಇನ್ನೊಬ್ಬಳು ಬರೀ ಹಿಟ್ಟು ತಿಂಬೂದು ಅಂದ್ರೆ ಎಂತ ನ್ಯಾಯ? ಕಲಸಿ, ದಿನಾ ಎರಡೆರಡು ನಾನೇ ಹಂಚ್ತೆ. ನೀ ಎಣಿಸೂಕೆ ಬರೂ ಹಿಂದಿನ ದಿನ ವಾಪಸ್ ಬಾಟ್ಲಿಗೆ ತುಂಬ್ತೆ. ಒಂದಾದ್ರೂ ಹೆಚ್ಚುಕಡಿಮೆ ಆಗಿತ್ತನೆ?"

ಆಗಿರಲಿಲ್ಲ. ಐದು ತಿಂಗಳು ಒಂದು ಮಾತ್ರೆಯೂ ತಪ್ಪಿರಲಿಲ್ಲ, ಅದನ್ನು ನೋಡಿ ಇವಳು ಖುಷಿಪಟ್ಟಿದ್ದಳು, ಪೆದ್ದಿ! ಬಾಯಿ ಬಿಟ್ಟರೆ ಮಂಕಿಯ ಐದು ತಿಂಗಳ ಲೆಕ್ಕವೆಲ್ಲ ಕಸಕ್ಕೆ, ಅದರ ಜೊತೆ ತನ್ನ ಕೆಲಸವೂ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಕಮಲಿ ಮತ್ತೆ ವಾಂತಿ ಮಾಡಿದಳು. ಬೋಗುಣಿಯಲ್ಲಿ ಕಾಫಿಪುಡಿಯಂಥ ಕಪ್ಪು ಚೂರುಗಳಿದ್ದವು. ಅದು ಹೊಟ್ಟೆಯೊಳಗಿನ ರಕ್ತ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಧನ್ಯಾ ಮತ್ತೆ ಡಾಕ್ಟರಿಗೆ ಫೋನು ಹಚ್ಚಿದಳು. "ಮೇಡಂ, ಆ ಲಕೋಟೆ ನಂಬಬೇಡಿ. ಇಲ್ಲಿ ಎಲ್ಲರೂ ಮಾತ್ರೆ ಕಲಸಿ ಹಂಚ್ಕೊಂಡು ತಿಂದಿದ್ದಾರೆ. ಕಮಲಿಯಕ್ಕನ ವಾಂತೀಲಿ ರಕ್ತ ಬರ್ತಾ ಇದೆ."

ಡಾಕ್ಟರು ಕೂಡಲೇ ಅಂದರು, "ಎಲ್ಲರದ್ದೂ ನಿಲ್ಲಿಸು. ಈಗಲೇ ಹೊನ್ನಾವರದ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾನೂ ಅಲ್ಲಿಗೇ ಬರ್ತೇನೆ. ಉಳಿದದ್ದು ಆಮೇಲೆ ಮಾತಾಡೋಣ."

ಅದೇ ಕೇರಿಯ ದೇವರಾಜನ ರಿಕ್ಷಾದಲ್ಲಿ ಕಮಲಿಯ ತಲೆ ಹೊನ್ನಮ್ಮನ ತೊಡೆಯ ಮೇಲಿತ್ತು. ಹೆದ್ದಾರಿ ಹತ್ತಿದ ಮೇಲೆ ಹೊನ್ನಮ್ಮ ಕೇಳಿದಳು.

"ಹಂಚಿದ್ದು ತಪ್ಪಾತನೆ?"

"ತಪ್ಪು ನಂದು ಹೊನ್ನಮ್ಮಕ್ಕ. ಖಾಲಿ ಮಾತ್ರೆ ಖಾಲಿ ಅಂತ ಹತ್ತು ಸಲ ಹೇಳಿದೆ. ಮದ್ದಿನ ಮಾತ್ರೆ ಒಳ್ಳೇದು ಮಾಡ್ತದಾ, ಕೆಟ್ಟದು ಮಾಡ್ತದಾ ಅಂತ ನೋಡೂಕೇ ಈ ಪರೀಕ್ಷೆ ಅಂತ ಗಟ್ಟಿಯಾಗಿ ಹೇಳಲಿಲ್ಲ."

ಆ ಸಾಲು ಕಾಗದದಲ್ಲಿತ್ತು. ಕೇಳಿದರೆ ಹೆದರಿ ಸಹಿ ಹಾಕಲಿಕ್ಕಿಲ್ಲವೆಂದು ಅದೊಂದನ್ನು ಮಾತ್ರ ಧನ್ಯಾ ಗಡಿಬಿಡಿಯಲ್ಲಿ ಓದಿ ದಾಟಿಸಿದ್ದಳು. ಈಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹಂಗಾರೆ ಅದು ಎಂತ ಮಾಡ್ತದೆ ಅಂತ ನಿಂಗೂ ಗೊತ್ತಿರಲಿಲ್ಲನೆ?"

"ಇಲ್ಲ. ಯಾರಿಗೂ ಗೊತ್ತಿರಲಿಲ್ಲ."

ಹೊನ್ನಮ್ಮ ಕಮಲಿಯ ಹಣೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಅಯ್ಯೋ ದೇವ್ರೇ," ಅಂದಳು, "ಒಬ್ಬಳಿಗೂ ತಪ್ಪಿಸಲಿಲ್ವಲ್ಲೆ ನಾನು. ಕೈಯಾರೆ ಎಲ್ರಿಗೂ ತಿನಿಸಿದ್ನಲ್ಲೆ."